ದರ್ಜಿ ಚಾಚಾನ ನೆರಳು

ಮೊನ್ನೆ ಕನಕಗಿರಿ ಸಂತೆಯ ಮೂಲೆಯಲ್ಲಿ ಒಬ್ಬ ಇಸ್ತ್ರಿ ಹಾಕುತ್ತಿದ್ದ. ನೀರು ಚಿಮುಕಿಸಿದ ಅರಿವೆಯ ಮೇಲೆ ಕೆಂಡದ ಪೆಟ್ಟಿಗೆ ಓಡಿದ್ದೇ ತಡ, ಆ ಹಬೆಯ ವಾಸನೆ ಮೂಗಿಗೆ ಬಡಿಯಿತು. ಕೊಳ್ಳಬೇಕಾದ ಕಾಯಿಪಲ್ಲೆ ಮರೆತು ಅಲ್ಲೇ ನಿಂತುಬಿಟ್ಟೆ. ದರ್ಜಿ ಚಾಚಾನ ಅಂಗಡಿಯ ವಾಸನೆ ಅದು…

ಗಂಗಾವತಿಯಲ್ಲಿ, ಕನಕಗಿರಿ ಕಡೆ ಹೋಗುವ ರಸ್ತೆಯ ತಿರುವಿನಲ್ಲಿ ಅವರ ಅಂಗಡಿಯಿತ್ತು. ಕನಕಗಿರಿಯ ಶಾಲೆಗೆ ಪಾಠ ಹೇಳಲು ದಿನಾ ಓಡಾಡುವ ನಾನು ಬಸ್ಸು ಹಿಡಿಯುತ್ತಿದ್ದದ್ದು ಅಲ್ಲೇ. ನಿಲ್ದಾಣವೆಂಬುದು ಹೆಸರಿಗಷ್ಟೇ, ಕಂಬಕ್ಕೆ ಕಟ್ಟಿದ ಒಂದು ಫಲಕ, ಅದರ ಬುಡಕ್ಕೆ ತೆರೆದ ಗಟಾರ. ಬಸ್ಸಿಗೆ ಹೊತ್ತು ಅಂತ ಇರಲಿಲ್ಲ, ಬಂದದ್ದೇ ಹೊತ್ತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಬೆಳಿಗ್ಗೆಯೇ ನೆತ್ತಿ ಸುಡುತ್ತದೆ. ನಾವೆಲ್ಲ ಚಾಚಾನ ಅಂಗಡಿ ಮುಂದಿನ ತಗಡಿನ ನೆರಳಿಗೆ ನುಗ್ಗುತ್ತಿದ್ದೆವು. ಬೇರೆಯವರಾಗಿದ್ದರೆ ಗದರಿ ಅಟ್ಟುತ್ತಿದ್ದರು. ಚಾಚಾ ತಮ್ಮ ಸ್ಟೂಲನ್ನೂ ಯಾರಾದರೂ ಬಸುರಿಗೆ ಕೊಟ್ಟು, ನಿಂತೇ ಕತ್ತರಿ ಆಡಿಸುತ್ತಿದ್ದರು. ಒಮ್ಮೆ ನನ್ನ ಚೀಲದ ಹಿಡಿಕೆ ಹರಿದಾಗ ಬಸ್ಸು ಬರುವುದರೊಳಗೆ ಹೊಲಿದುಕೊಟ್ಟಿದ್ದರು.

ಕೊನೆಗೆ ನಾವು ದಿನದ ಪ್ರಯಾಣಿಕರೆಲ್ಲ ಸೇರಿ ಒಂದು ತಂಗುದಾಣಕ್ಕೆ ಅರ್ಜಿ ಕೊಡುವುದೆಂದಾಯಿತು. ಟೀಚರಮ್ಮನ ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ನನಗೂ ಉಮೇದಿ. ಪ್ರಯಾಣಿಕರು ನಿತ್ಯವೂ ದರ್ಜಿ ಅಂಗಡಿಯ ಎದುರೇ ನಿಲ್ಲಬೇಕಾದ ದುಃಸ್ಥಿತಿ ಇದೆ ಎಂದು ಜಾಗದ ಸಮೇತ ಬರೆದೆ. ಮೊದಲ ಸಹಿ ಚಾಚಾನದೇ. ಉರ್ದುವಿನಲ್ಲಿ ನಿಧಾನಕ್ಕೆ ಹೆಸರು ಬರೆದು, ಛಲೋ ಕೆಲಸ ಮಾಡಿದಿರಿ ಎಂದು ನನ್ನನ್ನು ಹೊಗಳಿದರು ಕೂಡ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮಗೆ ಪೂಜಾರಿಯೂ ಕೊಟ್ಟ. ವರ್ಷೊಪ್ಪತ್ತಿನಲ್ಲಿ ತಂಗುದಾಣ ಮಂಜೂರಾಯಿತು. ಆದರೆ ಅಳತೆಗೆ ಬಂದ ಎಂಜಿನಿಯರ್ ಸುಣ್ಣದ ಗೆರೆ ಎಳೆಸಿದ್ದು ಚಾಚಾನ ಬಾಗಿಲಿನ ಮುಂದೆಯೇ. ಹಿಂದಿನ ಗೋಡೆ ಎದ್ದರೆ ಅಂಗಡಿ ರಸ್ತೆಗೆ ಕಾಣುವುದೇ ಇಲ್ಲ. ಪಕ್ಕದ ಖಾಲಿ ಜಾಗಕ್ಕೆ ಸರಿಸಲಾಗದೇ ಎಂದು ನಾನೇ ಕೇಳಿದೆ.

“ನೀವ ಬರದೀರಲ್ರಿ, ಮಂದಿ ಇಲ್ಲೇ ನಿಂದ್ರತಾರಂತ,” ಅಂದರು ಅವರು. “ಜಾಗಾ ಬದಲ ಮಾಡಬೇಕಂದ್ರ ಮಂಜೂರಾತಿ ವಾಪಸ್ ಹೋಗತೈತಿ. ಬ್ಯಾಡಂದ್ರ ಈಗ ಹೇಳಿಬಿಡ್ರಿ.”

ಹೇಳಬೇಕಾಗಿದ್ದವಳು ನಾನು. ಬೇಡ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಷ್ಟೆಲ್ಲ ಓಡಾಡಿ ತಂದದ್ದು ಕೈತಪ್ಪುತ್ತದಲ್ಲ ಎಂಬ ಅಂಜಿಕೆ. ಜೊತೆಗಿದ್ದವರು ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದರು. ನಾನು ಸುಮ್ಮನೆ ಕೈಗಡಿಯಾರ ನೋಡಿಕೊಂಡೆ. ಬಾಗಿಲಲ್ಲೇ ನಿಂತಿದ್ದ ಚಾಚಾನಿಗೆ ಅಷ್ಟು ಸಾಕಾಯಿತು.

“ಇರ್ಲಿ ಬಿಡ್ರಿ ಸಾಹೇಬ್ರ, ಕಟ್ರಿ,” ಅಂದರು. “ಗುರ್ತಿನ ಗಿರಾಕಿ ಹುಡುಕ್ಕೊಂಡು ಬರತಾರ.”

ಬರಲಿಲ್ಲ. ಅಲ್ಲೊಂದು ಅಂಗಡಿ ಇದೆಯೆಂಬುದೇ ಹೊಸಬರಿಗೆ ತಿಳಿಯುತ್ತಿರಲಿಲ್ಲ. ಗೋಡೆಯ ಬೆನ್ನಿಗೆ, ಅಂದರೆ ಚಾಚಾನ ಬಾಗಿಲಿಗೆ ಎದುರಾಗಿ, ಗಂಡಸರು ಮೂತ್ರಕ್ಕೆ ನಿಲ್ಲತೊಡಗಿದರು. ಬೆಳಿಗ್ಗೆ ಅವರು ನೀರು ಸುರಿದು ಕಸಬರಿಗೆ ಆಡಿಸುವ ಸಪ್ಪಳ ಈಚೆ ಬೆಂಚಿನ ಮೇಲೆ ಕೂತ ನನಗೆ ಕೇಳುತ್ತಿತ್ತು. ಎದ್ದು ಹೋಗಿ ಮಾತಾಡಿಸುವುದು ದಿನದಿನಕ್ಕೆ ಕಡಿಮೆಯಾಯಿತು… ರಂಜಾನಿನಲ್ಲಿ ಪುರಸೊತ್ತಿಲ್ಲದೆ ಹೊಲಿಯುತ್ತಿದ್ದವರು ಆ ವರ್ಷ ಖಾಲಿ ಮಿಷನ್ನಿಗೆ ಎಣ್ಣೆ ಬಿಡುತ್ತ ಕೂತಿದ್ದರು. ಹಬ್ಬ ಮುಗಿದ ಮೇಲೆ ಅಂಗಡಿ ಮುಚ್ಚಿ ಕುಷ್ಟಗಿಯ ಮಗಳ ಮನೆಗೆ ಹೋದರು. ಉಂಡ ಮನೆಯ ಗಳ ಹಿರಿಯುವುದು ಅಂದರೆ ಇದೇ. ನಾವು ಆ ಮನೆಯವರ ಸಹಿ ಹಾಕಿಸಿಕೊಂಡೇ ಹಿರಿದೆವು.

ಆಮೇಲಿನ ತಮಾಷೆ ಕೇಳಿ. ತಂಗುದಾಣ ರಸ್ತೆಗೆ ಚಾಚಿಕೊಂಡು ತಿರುವು ಇಕ್ಕಟ್ಟಾಯಿತು. ಡ್ರೈವರುಗಳು ಅದನ್ನು ದಾಟಿ, ಮುಂದೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಬಸ್ಸು ನಿಲ್ಲಿಸತೊಡಗಿದರು. ನೆರಳಿನಲ್ಲಿ ಕೂತವರಿಗೆ ಬಸ್ಸು ತಪ್ಪಿತು. ನಾವು ಮತ್ತೆ ಬಿಸಿಲಿಗೇ ಬಂದು ನಿಂತೆವು. ಒಳಗೀಗ ಬಿಡಾಡಿ ದನ ಮಲಗುತ್ತವೆ.

ಒಂದು ಮದುವೆಗೆಂದು ಕುಷ್ಟಗಿಗೆ ಹೋದಾಗ ಧೈರ್ಯ ಮಾಡಿ ಚಾಚಾನನ್ನು ಕಾಣಲು ಹೋದೆ. ಹಾಸಿಗೆ ಹಿಡಿದಿದ್ದರು. ತಪ್ಪಾಯಿತು ಅನ್ನಬೇಕೆಂದು ಹೋದವಳು ಮಗಳು ಕೊಟ್ಟ ಚಹಾ ಕುಡಿಯುತ್ತ ಕೂತೆ. ಅವರೇ ಕೇಳಿದರು.

“ಟೀಚರವರ, ಬಸ್ಸು ಈಗ ನೆರಳಿಗೇ ಬಂದು ನಿಂದ್ರತಾವಿಲ್ರಿ?”

“ನಿಂದ್ರತಾವ್ರಿ ಚಾಚಾ,” ಅಂದೆ.

“ಹಂಗಾದ್ರ ಛಲೋ ಆತ್ ಬಿಡ್ರಿ.”

ಅವರ ಮುಖದ ಮೇಲೆ ಬಂದ ಸಮಾಧಾನವನ್ನು ನನ್ನಿಂದ ನೋಡಲಾಗಲಿಲ್ಲ. ಮುಂದೆ ಕೆಲವೇ ದಿನಕ್ಕೆ ಅವರು ಹೋದ ಸುದ್ದಿ ಬಂತು. ಮಣ್ಣಿಗೆ ಹೋಗುವ ಮುಖವೂ ನನಗಿರಲಿಲ್ಲ…

ಇವತ್ತು ಬೆಳಿಗ್ಗೆಯೂ ಬಸ್ಸು ತಂಗುದಾಣ ದಾಟಿ ಮುಂದೆ ಹೋಯಿತು. ಕೊಡೆ ಮಡಚಿಕೊಂಡು ಎಲ್ಲರ ಜೊತೆ ನಾನೂ ಅದರ ಹಿಂದೆ ಓಡಿದೆ.