ಖೋ ಕೇಳುವವರೆಗೆ

ಹಿರೇವಡ್ಡಟ್ಟಿ ಶಾಲೆಯ ಅಂಗಳದಲ್ಲಿ ಖೋಖೋ ಆಡುತ್ತಲೇ ಬೆಳೆದ ಸಬೀನಾ, ಮುಂಡರಗಿ ತಂಡದ ಜೊತೆ ಪಂದ್ಯಾವಳಿಗೆಂದು ಕಠ್ಮಂಡುವಿಗೆ ಬಂದಿದ್ದಳು. ನಿನ್ನೆ ಫೈನಲ್‌ನಲ್ಲಿ ಬೆನ್ನ ಹಿಂದಿನಿಂದ ‘ಖೋ’ ಕೇಳುವ ಮೊದಲೇ ಎದ್ದುಬಿಟ್ಟಳು. ಫೌಲ್ ಆಯಿತು, ತಂಡ ಸೋತಿತು. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಊರು ನೋಡುವ ದಿನ. ಸ್ತೂಪದ ಮುಂದೆ ಫೋಟೊಕ್ಕೆಂದು ಹುಡುಗಿಯರೆಲ್ಲ ಸಾಲಾಗಿ ಕುಕ್ಕರಗಾಲಲ್ಲಿ ಕೂತರು. ಸಬೀನಾ ಮಾತ್ರ, ಆಟದಲ್ಲಿ ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ ಕೂರುವಂತೆ, ಹಿಂದೆ ಮುಖ ಮಾಡಿದ್ದಳು.

“ಈ ಕಡೆ ಹೊಳ್ಳಿ ಕುಂಡ್ರ, ಸಬೀನಾ” ಎಂದರು ಕೋಚ್. ಹೊರಳಲಿಲ್ಲ. ಕಣ್ಣೆದುರಿನ ಸ್ತೂಪವೂ ಅವಳಿಗೆ ಕಾಣುತ್ತಿರಲಿಲ್ಲ. ಫೋಟೊ ಮುಗಿದು ಎಲ್ಲರೂ ಎದ್ದು ಹೋದರು. ಅವಳು ಕೂತೇ ಇದ್ದಳು.

ಗೆಳತಿ ಮಂಜುಳಾ ತಿರುಗಿ ಬಂದು ಬೆನ್ನು ಮುಟ್ಟಿದಳು. “ಖೋ. ಏಳಲೇ, ಬಸ್ ಹೊಂಟೈತಿ.”

ಸಬೀನಾ ಎದ್ದಳು. ಬೆನ್ನಟ್ಟಲು ಎದುರಿಗೆ ಯಾರೂ ಇರಲಿಲ್ಲ.