ಒಂದೇ ಗಿಟಾರಿನ ಎರಡು ದನಿ

ಕುಮಟಾದ ನಮ್ಮ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವರು ಒಬ್ಬರೇ ಇದ್ದರು. ಆದರೂ ಕೇಳುವವರಿಗೆ ಇಬ್ಬರು ನುಡಿಸಿದಂತೆ ದನಿ ತುಂಬಿ ಬರುತ್ತಿತ್ತು. ಅದು ಎರಡು ಸಾವಿರದ ಇಸವಿಯ ಆಚೀಚಿನ ಕಾಲ. ಟೇಪ್ ಹಾಕಿ ಬರೀ ಬಾಯಾಡಿಸುವ ತಂಡಗಳೂ ಇದ್ದವು. ಇವರೂ ಟೇಪ್ ಹಾಕುತ್ತಾರೇನೋ ಎಂದು ಹಾಡುತ್ತಿದ್ದ ನನಗೂ ಕೀಬೋರ್ಡಿನವನಿಗೂ ಸಂಶಯ ಹುಟ್ಟಿತು.

ಅವರು ಎಲ್ಲರಿಗಿಂತ ಮೊದಲೇ ವೇದಿಕೆಗೆ ಬಂದು, ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇಟ್ಟು, ಗಿಟಾರಿನ ವಯರ್ ಸಿಕ್ಕಿಸಿ ಕಾಲಲ್ಲಿ ಒತ್ತುವ ಸಣ್ಣ ಪೆಟ್ಟಿಗೆಗಳ ಮೇಲೆ ಟವೆಲ್ ಹೊದಿಸುತ್ತಿದ್ದರು. ಕೇಳಿದರೆ ತಲೆ ಎತ್ತದೆ, "ಎಂತದೂ ಇಲ್ಲ ಮಾರಾಯಾ. ಒಂದೇ ದನಿ, ಒಂದು ಬದಿಗೆ ಚೂರು ತಡ ಮಾಡಿ ಬಿಡ್ತೆ, ಅಷ್ಟೇಯಾ" ಎನ್ನುತ್ತಿದ್ದರು.

"ತಡ ಮಾಡಿದ್ರೆ ಒಂದು ಎರಡಾಗ್ತದಾ? ಟವೆಲ್ ಅಡಿಗೆ ಕ್ಯಾಸೆಟ್ ಅದೆ" ಎಂದು ಕೀಬೋರ್ಡಿನವನು ನನ್ನ ಕಿವಿಯಲ್ಲಿ ಹೇಳುತ್ತಿದ್ದ.

ಹೊನ್ನಾವರದ ಒಂದು ಆರತಕ್ಷತೆಯಲ್ಲಿ, ಹಾಡಿನ ನಡುವೆ, ಅವರ ತಂತಿ ಟಪ್ಪೆಂದು ಹರಿಯಿತು. ಕೈ ನಿಂತಿತು. ನಾನು ಹಾಡುತ್ತಲೇ ಕಿವಿಗೊಟ್ಟೆ. ಕ್ಯಾಸೆಟ್ ಇದ್ದಿದ್ದರೆ ಅದು ನುಡಿಯುತ್ತಲೇ ಇರಬೇಕಿತ್ತು. ಎಡದ ಸ್ಪೀಕರ್ ಸುಮ್ಮನಾಯಿತು. ಅದರ ಬೆನ್ನಿಗೇ ಬಲದ್ದೂ. ಹಾಡು ತೆಳ್ಳಗಾಯಿತು. ಅವರು ಅವಸರಪಡದೆ ಬೆರಳು ಜರುಗಿಸಿ, ಉಳಿದ ತಂತಿಗಳಲ್ಲೇ ಅದೇ ಧಾಟಿ ಹಿಡಿದರು. ಎರಡೂ ಬದಿಯಿಂದ ದನಿ ಮತ್ತೆ ತುಂಬಿಕೊಂಡಿತು.

ಇನ್ನು ಅನುಮಾನಕ್ಕೆ ಎಡೆಯಿಲ್ಲ ಎಂದುಕೊಂಡು ಕೀಬೋರ್ಡಿನವನತ್ತ ತಿರುಗಿದೆ. ಹಾಡು ಮುಗಿದದ್ದೇ ಅವನು ಬಾಗಿ, "ಕಾಲಲ್ಲಿ ಕ್ಯಾಸೆಟ್ ನಿಲ್ಸಿದ್ದು ನೋಡಿದ್ಯಾ? ಭಾರೀ ಹುಷಾರಿ ಅಂವ!" ಎಂದ.

ಮುಂದಿನ ಹಾಡಿನುದ್ದಕ್ಕೂ ನಾನು ಅವರ ಕಾಲನ್ನೇ ನೋಡುತ್ತ ಹಾಡಿದೆ.