ಐರ್ಲೆಂಡಿನ ಪೇದೆ

ತಗಡಿನ ಚಾವಣಿಯ ಟಾಕೀಸಿನಲ್ಲಿ ಮಧ್ಯಾಹ್ನದ ಆಟ ನೋಡಿದವರಿಗೆ ಗೊತ್ತಿರುತ್ತದೆ, ಮೊಳೆ ಕಿತ್ತ ತೂತುಗಳಿಂದ ಇಳಿಯುವ ಬಿಸಿಲು ಪರದೆಯ ಮೇಲೂ ಒಂದೆರಡು ಬೊಟ್ಟಿಟ್ಟು, ನಾಯಕನ ಹಣೆಯಲ್ಲಿ ಅಕಾಲದ ಸೂರ್ಯನನ್ನು ಹುಟ್ಟಿಸಿಬಿಡುತ್ತದೆ. ಐವತ್ತರ ದಶಕದ ಕೊನೆಗೆ, ಒಂದು ಭಾನುವಾರ, ಚಿಂತಾಮಣಿಯ ಅಂಥದೊಂದು ಟಾಕೀಸಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ನಾನಾಗ ಅಲ್ಲಿನ ಶಾಲೆಯಲ್ಲಿ ಚರಿತ್ರೆ ಕಲಿಸುವ ಹೊಸ ಉಪಾಧ್ಯಾಯಿನಿ. ಇಂಗ್ಲಿಷ್ ಚಿತ್ರವೆಂದರೆ ಮೂಗು ಮುರಿಯುತ್ತಿದ್ದ ಅಪ್ಪ, ಐರ್ಲೆಂಡಿನವರು ಇಂಗ್ಲಿಷರ ಮೇಲೆ ತಿರುಗಿಬಿದ್ದ ಕಥೆ ಅದೆಂದು ತಿಳಿದೊಡನೆ ಒಗೆದ ಖಾದಿ ಜುಬ್ಬ ತೊಟ್ಟು ಹೊರಟರು.

ಅವರಿಗೆ ಅದು ಪರರ ಕಥೆಯಲ್ಲ. ನಲವತ್ತೆರಡರಲ್ಲಿ ಗೌರಿಬಿದನೂರಿನಲ್ಲಿ ಬಾವುಟ ಹಿಡಿದು ಹೊರಟಾಗ ಅವರ ರಟ್ಟೆಗೆ ಕೈ ಹಾಕಿ ಹಿಡಿದ ಪೇದೆ ಅವರ ಸ್ವಂತ ತಮ್ಮ, ನಮ್ಮ ವೆಂಕಟ ಚಿಕ್ಕಪ್ಪ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಅಜ್ಜಿ ತೀರಿಕೊಂಡಾಗಲೂ ಇಬ್ಬರೂ ಚಟ್ಟಕ್ಕೆ ಹೆಗಲು ಕೊಟ್ಟು ನಡೆದರೇ ಹೊರತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಚಿತ್ರದ ಜೊತೆಗೆ ನಮ್ಮ ತೊಡಕೂ ಶುರುವಾಯಿತು. ಆಳುವವರೂ ಬಿಳಿಯರು, ಆಳಿಸಿಕೊಂಡವರೂ ಬಿಳಿಯರು. ಇಬ್ಬರ ಬಾಯಲ್ಲೂ ಇಂಗ್ಲಿಷೇ. "ಇವರಲ್ಲಿ ನಮ್ಮೋರು ಯಾರಮ್ಮ?" ಎಂದು ಅಪ್ಪ ಮೆಲ್ಲಗೆ ಕೇಳಿದರು. ಪೊಲೀಸ್ ಉಡುಪಿನವರು ಸರ್ಕಾರದ ಕಡೆ ಎಂದೆ. ಅಷ್ಟರಲ್ಲಿ ಹೋರಾಟಗಾರರು ಸೇತುವೆಯ ಬಳಿ ಒಬ್ಬ ಪೇದೆಗೆ ಗುಂಡಿಕ್ಕಿದರು. ಟಾಕೀಸೆಲ್ಲ ಸಿಳ್ಳೆ, ಅಪ್ಪನೂ ಚಪ್ಪಾಳೆ ತಟ್ಟಿದರು. ಮರುಗಳಿಗೆಯಲ್ಲೇ ಪೇದೆಯ ತಾಯಿ ಓಡಿಬಂದು, ಕೊಂದವನನ್ನು ಹೆಸರು ಹಿಡಿದು ಕರೆದು ಅತ್ತಳು. ಸತ್ತವನೂ ಐರ್ಲೆಂಡಿನವನೇ, ಕೊಂದವನು ಅವಳ ಮನೆಯಲ್ಲೇ ಉಂಡು ಬೆಳೆದವನು ಎಂದು ನಾನು ವಿವರಿಸಿದೆ. ತಟ್ಟಿದ ಕೈಗಳನ್ನು ಅಪ್ಪ ಪಂಚೆಗೆ ಒರೆಸಿಕೊಂಡರು.

ಮನೆಗೆ ನಡೆಯುತ್ತ, "ಆ ಪೇದೆ ಯಾರ ಕಡೆಯೋನು?" ಎಂದರು.

"ನನಗೂ ಗೊತ್ತಾಗ್ಲಿಲ್ಲಪ್ಪ."

ನಿಜಕ್ಕೂ ಗೊತ್ತಾಗಿರಲಿಲ್ಲ, ಗೆಳೆಯರೇ. ಕರಿಹಲಗೆಯ ಮೇಲೆ ಒಂದು ಗೀಟೆಳೆದು ಈ ಕಡೆ ನಾವು, ಆ ಕಡೆ ಅವರು ಎಂದು ಬರೆದು ಸಲೀಸಾಗಿ ಪಾಠ ಮುಗಿಸುತ್ತಿದ್ದವಳು ನಾನು. ಗೀಟಿನ ಮೇಲೆಯೇ ನಿಂತವನನ್ನು ಎಲ್ಲಿ ಬರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ಅಪ್ಪ ನನ್ನನ್ನೂ ಕರೆದುಕೊಂಡು ಗೌರಿಬಿದನೂರಿಗೆ, ಚಿಕ್ಕಪ್ಪನ ಮನೆಗೆ ಹೊರಟರು. ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಚಿಕ್ಕಪ್ಪ ಅಣ್ಣನನ್ನು ಕಂಡು ಎದ್ದು ನಿಂತರು.

"ಅವತ್ತು ನನ್ನ ಕೈ ಯಾಕೆ ಹಿಡಿದೆ, ವೆಂಕಟ?"

ಚಿಕ್ಕಪ್ಪ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. "ಲಾಠಿ ಬೀಳೋ ಮುಂಚೆ ನಿನ್ನ ಪಕ್ಕಕ್ಕೆ ಎಳೀಬೇಕು ಅಂದ್ಕೊಂಡೆ. ಅಷ್ಟರಲ್ಲಿ ಸಾಹೇಬ್ರು ನೋಡಿದ್ರು. ಆಮೇಲೆ ಬಿಡೋಕೆ ಧೈರ್ಯ ಬರ್ಲಿಲ್ಲ. ಉಳಿಸೋಕೆ ಹಿಡಿದ್ನೋ, ಹಿಡಿದುಕೊಡೋಕೆ ಹಿಡಿದ್ನೋ, ಇವತ್ತಿಗೂ ನನಗೇ ತಿಳೀದಣ್ಣ."

ಅಪ್ಪ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೊರದ ಪಕ್ಕ ಕುಳಿತು, ಒಂದು ಹಿಡಿ ಕಾಯಿ ತಮ್ಮ ಕಡೆಗೆ ಎಳೆದುಕೊಂಡು ಸುಲಿಯತೊಡಗಿದರು. ಅದು ಕ್ಷಮೆಯೋ, ಬರಿಯ ದಣಿವೋ ತಿಳಿಯದೆ ನಾನು, ಇನ್ನೆರಡು ಲೋಟ ಕಾಫಿ ಹೆಚ್ಚಿಗೆ ಇಡಬೇಕೆಂದು ಚಿಕ್ಕಮ್ಮನಿಗೆ ಹೇಳಲು ಒಳಗೆ ಹೋದೆ.